ಎಂಪಿಗೆ ಮನವಿ ಕೊಡುವ ಮುನ್ನ

ತಮ್ಮಾ, ಕರ್ನೂಲಿನ ಎಂಪಿಗೆ ಕೊಡಬೇಕೆಂದು ನೀವು ಹುಡುಗರು ಕೂಡಿ ಬರೆದ ಮನವಿ ಓದಿದೆ. ಊರ ಹೊರಗೆ ಎದ್ದಿರುವ ಆ ಆಶ್ರಮಕ್ಕೆ ತೆರಿಗೆ ವಿನಾಯಿತಿ ಇರಕೂಡದು ಎಂಬುದು ನಿಮ್ಮ ಬೇಡಿಕೆ. ಒಟ್ಟು ನಾಲ್ಕು ಪುಟ. ಅದರಲ್ಲಿ ಮೂರಕ್ಕೂ ಹೆಚ್ಚು ಪುಟ ಸ್ವಾಮಿಯ ಜಡೆ, ಕಾರು, ಬೆಳ್ಳಿ ಸಿಂಹಾಸನಕ್ಕೇ ಹೋಗಿದೆ. ತೆರಿಗೆಯ ಮಾತು ಬರುವುದು ಕೊನೆಯ ಎಂಟು ಸಾಲಿನಲ್ಲಿ, ಅದೂ ತಪ್ಪು ಕಾಯ್ದೆಯ ಹೆಸರು ಹಿಡಿದು. ನಿಮ್ಮ ಸಿಟ್ಟು ಸುಳ್ಳಲ್ಲ. ಆದರೆ ಈ ಕಾಗದ ಕೊಟ್ಟರೆ ಎಂಪಿ ಸಾಹೇಬರು ನಿಮ್ಮ ಜೊತೆ ಒಂದು ಫೋಟೋ ತೆಗೆಸಿಕೊಂಡು “ಚೂದ್ದಾಂ ಬಾಬು” (ನೋಡೋಣಪ್ಪಾ) ಅಂದು ಕಾರು ಹತ್ತುತ್ತಾರೆ. ಮರುವಾರ ಆಶ್ರಮದವರೂ ಅವರ ಹತ್ತಿರ ಹೋಗುತ್ತಾರೆ, ನಿಮಗಿಂತ ಹೆಚ್ಚು ಜನ, ನಿಮಗಿಂತ ದೊಡ್ಡ ಹಾರ ಹಿಡಿದು. ಅವರಿಗೂ ಅದೇ “ಚೂದ್ದಾಂ” ಸಿಗುತ್ತದೆ.

ಮೊದಲು ಬಾಗಿಲು ಯಾವುದು ಎಂದು ತಿಳಿದುಕೊಳ್ಳಿ. ಶಾಸಕರ ಹತ್ತಿರವೂ ಹೋಗಿದ್ದಿರಂತೆ. ಆದಾಯ ತೆರಿಗೆ ಕೇಂದ್ರದ ಪಟ್ಟಿಯಲ್ಲಿದೆ, ಅಮರಾವತಿಯಲ್ಲಿ ಕೂತವರಿಗೆ ಅದರ ಮೇಲೆ ಹಿಡಿತವಿಲ್ಲ. ರಾಜ್ಯದ ಕೈಯಲ್ಲಿರುವುದು ಭೂಮಿ, ಎಂಡೋಮೆಂಟ್ಸ್ ಇಲಾಖೆ, ಮತ್ತು ಮುನಿಸಿಪಾಲಿಟಿ ಮೂಲಕ ಆಸ್ತಿ ತೆರಿಗೆ. ಪೂಜೆಗೆಂದೇ ಇಟ್ಟು ಪೂಜೆಗಷ್ಟೇ ಬಳಸುವ ಜಾಗಕ್ಕೆ 1965ರ ಆಂಧ್ರ ಮುನಿಸಿಪಾಲಿಟಿ ಕಾಯ್ದೆಯಲ್ಲಿ ಮನೆಪಟ್ಟಿ ಮಾಫಿ ಇದೆ. ಅದೇ ಕಾಂಪೌಂಡಿನಲ್ಲಿ ಬಾಡಿಗೆಗೆ ಬಿಟ್ಟ ಅಂಗಡಿ ಪೂಜೆಯ ಜಾಗ ಆಗುವುದಿಲ್ಲ. ಇಷ್ಟನ್ನು ಮುನಿಸಿಪಲ್ ಆಫೀಸಿನಲ್ಲಿ ಕೇಳಿದರೆ ಸಾಕು, ಶಾಸಕರು ಬೇಕಿಲ್ಲ.

ಇನ್ನು ಆದಾಯ ತೆರಿಗೆ ವಿನಾಯಿತಿ. ಅದನ್ನು ಎಂಪಿ ಕೊಡುವುದೂ ಇಲ್ಲ, ಕಿತ್ತುಕೊಳ್ಳುವುದೂ ಇಲ್ಲ. ಟ್ರಸ್ಟಿನ ನೋಂದಣಿ ಮಾಡುವುದು, ರದ್ದು ಮಾಡುವುದು ಹೈದರಾಬಾದಿನಲ್ಲಿರುವ ಆದಾಯ ತೆರಿಗೆ ಕಮಿಷನರ್, ವಿನಾಯಿತಿಗಳ ಕಮಿಷನರ್ ಅಂತಲೇ ಒಬ್ಬರಿದ್ದಾರೆ. ಎಂಪಿ ಒಂದು ಫೋನ್ ಮಾಡಿ ಅದನ್ನು ರದ್ದು ಮಾಡಿಸಲಿ ಎಂದು ನೀವು ಆಸೆಪಟ್ಟರೆ, ಅದೇ ಫೋನಿನಲ್ಲಿ ಇನ್ನೊಬ್ಬರಿಗೆ ಕೊಡಿಸಲೂಬಹುದು ಎಂಬುದನ್ನೂ ಒಪ್ಪಿಕೊಂಡಂತಾಯಿತು. ಅದು ನಿಮಗೆ ಬೇಕೇ?

ನಮ್ಮ ಆದವಾನಿ ಸೀಮೆಗೆ ಈ ವಿಷಯ ಹೊಸದಲ್ಲ. ಬಿಜಾಪುರದ ಆದಿಲ್ ಶಾಹಿಯ ಕೈಕೆಳಗೆ ಇಲ್ಲಿ ಆಳಿದ ಸಿದ್ದಿ ಮಸೂದ್ ಖಾನ್, ನಮ್ಮೂರ ಜಾಮಿಯಾ ಮಸೀದಿ ಕಟ್ಟಿಸಿದವನು, ಅವನೇ ರಾಘವೇಂದ್ರ ಸ್ವಾಮಿಗಳಿಗೆ ಮಂಚಾಲೆಯನ್ನು, ಅಂದರೆ ಈಗಿನ ಮಂತ್ರಾಲಯವನ್ನು, ಇನಾಮಾಗಿ ಬಿಟ್ಟುಕೊಟ್ಟನೆಂದು ಮಠದ ಪರಂಪರೆ ಹೇಳುತ್ತದೆ. ಅದರ ಹಿಂದೆ ದಿವಾನ್ ವೆಂಕಣ್ಣನ ಕಥೆ ಇದೆ, ನಿನಗೂ ಗೊತ್ತಿರುವುದೇ: ಅಕ್ಷರ ಬಾರದ ಹುಡುಗ ಗುರುಗಳ ಅನುಗ್ರಹದಿಂದ ನವಾಬನ ಓಲೆ ಓದಿದ, ಮುಂದೆ ದಿವಾನನಾದ. ಭಕ್ತಿಯ ಕಥೆ ಅದು, ಆದರೆ ತೆರಿಗೆಯ ಕಣ್ಣಿನಿಂದಲೂ ಒಮ್ಮೆ ನೋಡು. ದರ್ಬಾರಿನಲ್ಲಿ ಪರಿಚಯದ ಮನುಷ್ಯನೊಬ್ಬ ಇದ್ದ, ಆಳುವವನ ಮನಸ್ಸು ತಿರುಗಿತು, ಊರಿಗೆ ಊರೇ ಕಂದಾಯದಿಂದ ಬಿಡುಗಡೆಯಾಯಿತು. ಇವತ್ತಿನ ಮಾತಿನಲ್ಲಿ ಅದನ್ನು ಲಾಬಿ ಎನ್ನುತ್ತಾರೆ. ಆಗ ಬೇರೆ ದಾರಿ ಇರಲಿಲ್ಲ, ಅರಸನ ಪ್ರಸನ್ನತೆಯೇ ಕಾನೂನು. 1671ರಲ್ಲಿ ಸ್ವಾಮಿಗಳು ವೃಂದಾವನಸ್ಥರಾದರು, ಇನ್ನು ಇಪ್ಪತ್ತು ವರ್ಷ ಕಳೆಯುವುದರೊಳಗೆ ಆದವಾನಿ ಔರಂಗಜೇಬನ ಪಾಲಾಯಿತು.

1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ದತ್ತವಾಗಿ ಕೊಟ್ಟ. ಥಾಮಸ್ ಮನ್ರೋ ಇಲ್ಲಿನ ಪ್ರಿನ್ಸಿಪಲ್ ಕಲೆಕ್ಟರ್ ಆಗಿ ಬಂದ, 1807ರವರೆಗೆ ಇದ್ದ. ಮಠದ ಇನಾಮನ್ನು ಸರ್ಕಾರ ಹಿಂದಕ್ಕೆ ಪಡೆಯಬೇಕೇ ಎಂದು ವಿಚಾರಿಸಲು ಅವನು ಮಂತ್ರಾಲಯಕ್ಕೆ ಹೋದ, ಬೂಟು ಕಳಚಿ ಒಳಗೆ ಬಂದ, ಬೇರೆ ಯಾರಿಗೂ ಕಾಣದ ಗುರುಗಳು ಅವನೊಬ್ಬನ ಜೊತೆ ಮಾತಾಡಿದರು, ಇನಾಮು ಉಳಿಯಿತು. ಈ ಕಥೆಯನ್ನು ಡಬ್ಲ್ಯು. ಫ್ರಾನ್ಸಿಸ್ 1904ರ ಬಳ್ಳಾರಿ ಗೆಜೆಟಿಯರಿನಲ್ಲೂ ಬರೆದಿದ್ದಾನೆ. (ಆಗ ನಾವು ಬಳ್ಳಾರಿ ಜಿಲ್ಲೆಯಲ್ಲಿದ್ದೆವು. ಆದವಾನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದದ್ದು 1953ರ ಅಕ್ಟೋಬರ್ 1ರಂದು. ಆ ನೋವಿನ ಮಾತು ಈಗ ಬೇಡ.) ಎಲ್ಲರೂ ದರ್ಶನದ ಮಾತು ಹೇಳುತ್ತಾರೆ. ನನಗೆ ಹಿಡಿಸುವುದು ಅದಕ್ಕಿಂತ ಮುಂಚಿನದು: ಕಥೆಯಲ್ಲೂ ಮನ್ರೋ ಹೋದದ್ದು ವಿಚಾರಣೆಗೆ. ಮಧ್ವಮತ ಸರಿಯೋ ತಪ್ಪೋ ಎಂದು ತೀರ್ಮಾನಿಸಲಿಕ್ಕಲ್ಲ, ಮಾಫಿ ಮುಂದುವರಿಯಬೇಕೋ ಬೇಡವೋ ಎಂದು ನೋಡಲಿಕ್ಕೆ. 1858ರ ನಂತರ ಬಂದ ಇನಾಂ ಕಮಿಷನ್ ಮದ್ರಾಸ್ ಪ್ರಾಂತ್ಯದಲ್ಲೆಲ್ಲ ಇದೇ ಕೆಲಸ ಮಾಡಿತು. ಗುಡಿಯ, ಮಸೀದಿಯ ಇನಾಮಿಗೆ ಅದು ಕೇಳುತ್ತಿದ್ದದ್ದು ಎರಡೇ: ಸನದು ಎಲ್ಲಿ, ಯಾವ ಸೇವೆಗೆಂದು ಕೊಟ್ಟರೋ ಆ ಸೇವೆ ನಡೆಯುತ್ತಿದೆಯೇ. ನಿಮ್ಮ ನಾಲ್ಕು ಪುಟದಲ್ಲಿ ಈ ಎರಡು ಪ್ರಶ್ನೆ ಇಲ್ಲ.

ನೀವು ಬರೆದ ಒಂದು ವಾಕ್ಯ ನನಗೆ ಭಯ ಹುಟ್ಟಿಸಿತು: “ವಿವಾದಿತ ಧಾರ್ಮಿಕ ಸಂಸ್ಥೆಗಳಿಗೆ ವಿನಾಯಿತಿ ಕೊಡಬಾರದು.” ವಿವಾದಿತ ಎಂದು ಹೇಳುವವರು ಯಾರಪ್ಪಾ? ಇವತ್ತು ನೀವು ಕೆತ್ತಿದ ಬಡಿಗೆ ನಾಳೆ ನಿಮ್ಮ ಮನೆಯವರು ನಡೆದುಕೊಳ್ಳುವ ಮಠದ ಬೆನ್ನಿಗೂ ಬೀಳುತ್ತದೆ, ಪಕ್ಕದ ಓಣಿಯ ದರ್ಗಾಕ್ಕೂ ಚರ್ಚಿಗೂ ಬೀಳುತ್ತದೆ. ಉಡುಪಿಯ ಶೀರೂರು ಮಠದ ಮೊಕದ್ದಮೆ ಓದಿಕೋ. ಮದ್ರಾಸ್ ಸರ್ಕಾರ 1951ರ ಕಾಯ್ದೆಯಲ್ಲಿ ಧಾರ್ಮಿಕ ಸಂಸ್ಥೆಗಳಿಂದ ವಾರ್ಷಿಕ ವಂತಿಗೆ ಎತ್ತಲು ಹೊರಟಿತ್ತು. ಮಠದವರು ಕೋರ್ಟಿಗೆ ಹೋದರು. ಹೆಸರು ವಂತಿಗೆಯಾದರೂ ಅದು ತೆರಿಗೆಯೇ, ರಾಜ್ಯಕ್ಕೆ ಅದನ್ನು ಹಾಕುವ ಅಧಿಕಾರವಿಲ್ಲ ಎಂದು 1954ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಠ ಗೆದ್ದದ್ದು ಸ್ವಾಮಿಗಳ ಮಹಿಮೆ ಹೇಳಿ ಅಲ್ಲ, ಕಾಯ್ದೆಯ ಕಲಮು ಹಿಡಿದು. ಎದುರು ನಿಲ್ಲುವವರೂ ಹಾಗೇ ನಿಲ್ಲಬೇಕು.

ಹಾಗಾದರೆ ರಾಜಕಾರಣಿಯ ಹತ್ತಿರ ಹೋಗಲೇಬಾರದೇ ಎನ್ನುತ್ತೀಯಾ? ಹೋಗಬೇಕು. ಕಾಯ್ದೆ ತಿದ್ದುವುದು ಅವರೇ. 2022ರ ಜುಲೈನಲ್ಲಿ ಸಾವಿರ ರೂಪಾಯಿಗಿಂತ ಕಡಿಮೆಯ ರೂಮುಗಳಿಗೂ 12% ಜಿಎಸ್‌ಟಿ ಬಂದಾಗ ಅಮೃತಸರದ ಸರಾಯಿಗಳವರು, ಅಂದರೆ ಯಾತ್ರಿಕರ ವಸತಿಗೃಹದವರು, ಗಾಬರಿಯಾದರು. ಎಂಪಿ ರಾಘವ್ ಚಡ್ಢಾ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರಿಗೆ ಮನವಿ ಕೊಟ್ಟರು, ಆಗಸ್ಟಿನಲ್ಲೇ ಧಾರ್ಮಿಕ ಸರಾಯಿಗಳಿಗೆ ವಿನಾಯಿತಿ ಇದೆಯೆಂದು ಸ್ಪಷ್ಟನೆ ಬಂತು. ಅದಕ್ಕೂ ಮೊದಲು ಗುರುದ್ವಾರದ ಲಂಗರಿನ (ಪುಕ್ಕಟೆ ಊಟದ) ದಿನಸಿ ಮೇಲಿನ ಜಿಎಸ್‌ಟಿ ಬಗ್ಗೆ ಅಕಾಲಿ ದಳ ಹಟ ಹಿಡಿದದ್ದಕ್ಕೆ 2018ರಲ್ಲಿ ಸೇವಾ ಭೋಜ್ ಯೋಜನೆ ಬಂತು. ತಿಂಗಳಿಗೆ 5,000 ಜನರಿಗಾದರೂ ಪುಕ್ಕಟೆ ಊಟ ಹಾಕುವ ಗುಡಿ, ಮಸೀದಿ, ಚರ್ಚು, ಗುರುದ್ವಾರ ಯಾವುದಕ್ಕೇ ಆದರೂ ಅಕ್ಕಿ, ಬೇಳೆ, ತುಪ್ಪದ ಮೇಲೆ ಕಟ್ಟಿದ ಕೇಂದ್ರದ ಪಾಲು ವಾಪಸು. ಕೇಳಿದವರು ಒಂದು ಮತದವರು, ನಿಯಮ ಎಲ್ಲರಿಗೂ ಆಯಿತು. ಕೇಳಿದರೆ ಹೀಗೆ ಕೇಳಬೇಕು.

ಇನ್ನೂ ಹತ್ತಿರದ್ದು ಹೇಳುತ್ತೇನೆ. 2025ರ ಫೆಬ್ರವರಿಯಲ್ಲಿ ಹೊಸ ಆದಾಯ ತೆರಿಗೆ ಮಸೂದೆ ಬಂತಲ್ಲ, ಅದರಲ್ಲಿ ಹೆಸರಿಲ್ಲದ ಕಾಣಿಕೆಯ ಮಾತು ಇತ್ತು. ಹೆಸರು ವಿಳಾಸ ಇಲ್ಲದೆ ಬಂದ ದೇಣಿಗೆಗೆ 30% ತೆರಿಗೆ ಎಂಬ ನಿಯಮ 2006ರ ಬಜೆಟ್ಟಿನಿಂದಲೇ ಇದೆ. ಪೂರ್ತಿ ಧಾರ್ಮಿಕ ಸಂಸ್ಥೆಗೆ ಅದರಿಂದ ಬಿಡುಗಡೆ, ಪೂಜೆಯ ಜೊತೆ ಆಸ್ಪತ್ರೆ, ಶಾಲೆ ನಡೆಸುವ ಧಾರ್ಮಿಕ-ದತ್ತಿ ಸಂಸ್ಥೆಗಳಿಗೂ ಬಹುಪಾಲು ಬಿಡುಗಡೆ ಇತ್ತು. ಹೊಸ ಮಸೂದೆ ಈ ಎರಡನೆಯವರನ್ನು ಕೈಬಿಟ್ಟಿತು. ಬೈಜಯಂತ್ ಪಾಂಡಾ ಅಧ್ಯಕ್ಷತೆಯ ಸೆಲೆಕ್ಟ್ ಕಮಿಟಿ ಇದನ್ನು ಹಿಡಿಯಿತು, ಜುಲೈನಲ್ಲಿ ಕೊಟ್ಟ ವರದಿಯಲ್ಲಿ ಬಿಡುಗಡೆ ಮತ್ತೆ ಸೇರಿಸಿ ಎಂದಿತು, ಆಗಸ್ಟಿನಲ್ಲಿ ಪಾಸಾದ ಮಸೂದೆಯಲ್ಲಿ ಅದು ಸೇರಿತು. ಹೊಸ ಕಾಯ್ದೆಯ ಜಾರಿ 2026ರ ಏಪ್ರಿಲ್ 1ರಿಂದ. ಮಂತ್ರಾಲಯದ ಹುಂಡಿಗೆ, ಉರುಕುಂದ ಈರಣ್ಣನ ಹುಂಡಿಗೆ ಕಾಣಿಕೆ ಹಾಕುವ ಮುದುಕಿಯ ಹೆಸರು ಬರೆದುಕೊಳ್ಳುವವರು ಯಾರು? ಬಿಡುಗಡೆ ನ್ಯಾಯವೇ. ಆದರೆ ಒಂದು ಮಾತು ಬಚ್ಚಿಡಬಾರದು: ಕಪ್ಪು ಹಣ ಬಿಳಿಯಾಗುವುದಾದರೆ ಅದಕ್ಕೆ ಇದಕ್ಕಿಂತ ತಂಪಾದ ನೆರಳು ಬೇರೆ ಇಲ್ಲ. ನೀವು ಕೂಗಬೇಕಾಗಿದ್ದ ಕಾಲ ಆ ಆರು ತಿಂಗಳು. ಆಗ ಇಲ್ಲಿಂದ ಒಂದು ಕಾರ್ಡೂ ಹೋಗಲಿಲ್ಲ.

ಹೊರದೇಶದಲ್ಲೂ ಇದೇ ಜಗಳ. ಸೈಂಟಾಲಜಿ ಪಂಥದ ಮುಖ್ಯ ಚರ್ಚಿನ ವಿನಾಯಿತಿಯನ್ನು ಅಮೆರಿಕದ ತೆರಿಗೆ ಇಲಾಖೆ 1967ರಲ್ಲಿ ಕಿತ್ತುಕೊಂಡಿತು. ಪಂಥದವರು ಇಲಾಖೆಯ ಮೇಲೆ ಕೇಸಿನ ಮೇಲೆ ಕೇಸು ಹಾಕಿ, ಕಡೆಗೆ 1993ರಲ್ಲಿ ವಾಪಸು ಪಡೆದರು. ಅದೇ ಪಂಥ 1999ರಲ್ಲಿ ಇಂಗ್ಲೆಂಡಿನ ಚಾರಿಟಿ ಕಮಿಷನ್ ಮುಂದೆ ಸೋತಿತು. ಜಪಾನಿನಲ್ಲಿ ಯೂನಿಫಿಕೇಷನ್ ಚರ್ಚನ್ನು ವಿಸರ್ಜಿಸಲು 2025ರ ಮಾರ್ಚಿನಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ಆದೇಶ ಕೊಟ್ಟಿತು. ಭಕ್ತರಿಂದ ದುಡ್ಡು ಹಿಂಡಿದ ರೀತಿಯೇ ಅಲ್ಲಿ ಮುಖ್ಯ ಆರೋಪ, ಅವರ ನಂಬಿಕೆಯಲ್ಲ. ಅಂಥ ಆದೇಶದಿಂದ ಹೋಗುವುದು ಸಂಸ್ಥೆಯ ಮಾನ್ಯತೆ ಮತ್ತು ತೆರಿಗೆ ಸೌಲಭ್ಯ. ಪ್ರಾರ್ಥನೆಗೆ ಕೂಡುವುದಕ್ಕೆ ಅಡ್ಡಿಯಿಲ್ಲ.

ಈಗ ನಿಮ್ಮ ಕಾಗದಕ್ಕೆ ಬರೋಣ. ನಮ್ಮ ಕಾಯ್ದೆ ವಿನಾಯಿತಿಗೆ ಹಾಕಿರುವ ಕಟ್ಟು ಕಡಿಮೆಯೇನಲ್ಲ. ವರ್ಷದ ಆದಾಯದ 85% ಉದ್ದೇಶಕ್ಕೇ ಖರ್ಚಾಗಬೇಕು, ಇಲ್ಲವೇ ಕಾರಣ ತಿಳಿಸಿ ಕೂಡಿಡಬೇಕು. ಸ್ಥಾಪಕನಿಗೆ, ಅವನ ಬಂಧುಬಳಗಕ್ಕೆ ಟ್ರಸ್ಟಿನ ದುಡ್ಡು ಹರಿಯಕೂಡದು. ಸಾರ್ವಜನಿಕರಿಗೆ ಉಪಯೋಗವಿಲ್ಲದ ಖಾಸಗಿ ಧಾರ್ಮಿಕ ಟ್ರಸ್ಟಿಗೆ ವಿನಾಯಿತಿಯೇ ಇಲ್ಲ. ದೊಡ್ಡ ಆದಾಯವಿದ್ದರೆ ಆಡಿಟ್ ಆಗಲೇಬೇಕು. ಇನ್ನು ದಾನಿಗೆ ತೆರಿಗೆ ರಿಯಾಯಿತಿ ತರುವ 80ಜಿ ರಸೀದಿ: ಆದಾಯದ 5%ಕ್ಕಿಂತ ಹೆಚ್ಚನ್ನು ಪೂಜೆ ಪುನಸ್ಕಾರಕ್ಕೆ ಖರ್ಚು ಮಾಡುವ ಸಂಸ್ಥೆ ಸಾಮಾನ್ಯವಾಗಿ ಅದನ್ನು ಕೊಡುವಂತಿಲ್ಲ, ಎರಡು ಸಾವಿರ ಮೀರಿದ ನಗದಿಗೆ ದಾನಿಗೆ ರಿಯಾಯಿತಿ ಇಲ್ಲ. ನಿಮ್ಮ ಗೆಳೆಯನ ಅಪ್ಪನಿಗೆ ಹೋಮಕ್ಕೆಂದು ದುಡ್ಡು ತೆಗೆದುಕೊಂಡು 80ಜಿ ರಸೀದಿ ಕೊಟ್ಟಿದ್ದಾರೆ ಎಂದಿರಲ್ಲ, ನಿಮ್ಮ ಕೈಲಿರುವ ಬೆಲೆಯುಳ್ಳ ಮಾತು ಅದೊಂದೇ. ನಾಲ್ಕು ಪುಟದಲ್ಲಿ ಅದನ್ನೇ ನೀವು ಬಿಟ್ಟಿದ್ದೀರಿ! ಆ ರಸೀದಿಯ ಜೆರಾಕ್ಸ್ ಇಟ್ಟುಕೊಳ್ಳಿ. ಅದು ಎಂಪಿಗೆ ಬೇಡ, ಆದಾಯ ತೆರಿಗೆ ಇಲಾಖೆಯ ಪೋರ್ಟಲ್ಲಿಗೆ ಹಾಕಿ. ತೆರಿಗೆ ವಂಚನೆಯ ದೂರನ್ನು ಯಾರು ಬೇಕಾದರೂ ಅಲ್ಲಿ ಕೊಡಲು 2021ರ ಜನವರಿಯಿಂದ ಅವಕಾಶವಿದೆ. ಬಲವಾದ ಸುಳಿವಿದ್ದರೆ ಇಲಾಖೆ ಹೆದರುವುದಿಲ್ಲ. 2019ರ ಅಕ್ಟೋಬರಿನಲ್ಲಿ ಆಗಿನ ಚಿತ್ತೂರು ಜಿಲ್ಲೆಯ ವರದಯ್ಯಪಾಳ್ಯದ ಕಲ್ಕಿ ಆಶ್ರಮದಲ್ಲೂ ಶೋಧ ನಡೆಸಿತ್ತು, ಅಲ್ಲಿ ಭಕ್ತರಿಗೇನು ಬರವಿರಲಿಲ್ಲ.

ಎಂಪಿಯ ಹತ್ತಿರ ಕೇಳಬೇಕಾದ್ದು ಬೇರೆ. ವಿನಾಯಿತಿ ಪಡೆದ ಪ್ರತಿಯೊಂದು ಧಾರ್ಮಿಕ ಟ್ರಸ್ಟಿನ ಆಡಿಟ್ ಲೆಕ್ಕವನ್ನೂ ಸಾರ್ವಜನಿಕರು ನೋಡುವ ಹಾಗೆ ಇಲಾಖೆ ಪ್ರಕಟಿಸಲಿ, ಇದಕ್ಕೆ ಸರ್ಕಾರದ ಉತ್ತರವೇನು ಎಂದು ಲೋಕಸಭೆಯಲ್ಲಿ ಪ್ರಶ್ನೆ ಹಾಕಿ ಅನ್ನಿ. ಇಂಗ್ಲೆಂಡಿನಲ್ಲಿ ನೋಂದಾಯಿತ ದೊಡ್ಡ ಚಾರಿಟಿಗಳ ಲೆಕ್ಕವನ್ನು ಯಾರು ಬೇಕಾದರೂ ಮನೆಯಲ್ಲಿ ಕೂತು ನೋಡಬಹುದು. ಪ್ರಶ್ನೆಗೆ ಹದಿನೈದು ದಿನ ಮುಂಚೆ ನೋಟಿಸ್ ಬೇಕು, ಹಾಗಾಗಿ ಅಧಿವೇಶನದ ತಾರೀಖು ನೋಡಿಕೊಂಡು ಹೋಗಿ. ಜನವರಿ ಕೊನೆಗೆ ಹೋದರೆ ಬಜೆಟ್ ಆಗಲೇ ಅಚ್ಚಿನ ಮನೆಯಲ್ಲಿರುತ್ತದೆ. ಈ ಬೇಡಿಕೆಗೆ ಮಠದವರೂ ಸಹಿ ಹಾಕಬಹುದು, ಮಸೀದಿ ಕಮಿಟಿಯವರೂ ಹಾಕಬಹುದು. ಲೆಕ್ಕ ನೆಟ್ಟಗಿರುವವರು ಹಾಕಿಯೇ ಹಾಕುತ್ತಾರೆ. ಹಾಕದವರು ಯಾರು ಎಂದು ನೋಡುವುದಕ್ಕೂ ಅದು ಒಳ್ಳೆಯದು. ಮಂತ್ರಾಲಯವನ್ನು ಇದರಿಂದ ತೆಗೆದುಬಿಡೋಣ ಎಂದು ನಿಮ್ಮಲ್ಲಿ ಯಾರಾದರೂ ಅಂದಾರು. ತೆಗೆಯಬೇಡಿ. ನಾನೂ ರಾಯರ ಭಕ್ತನೇ, ಪ್ರತಿಯೊಂದು ಎಂದರೆ ಪ್ರತಿಯೊಂದು.

ಸ್ವಾಮಿಯ ಮೇಲೆ ಬರೆದ ಪುಟಗಳನ್ನು ಹರಿದು ಹಾಕಿ. ಪುರಾವೆ ಇಲ್ಲದ ಮಾತಿಗೆ ಮಾನನಷ್ಟದ ಕೇಸಿದೆ, ಧಾರ್ಮಿಕ ಭಾವನೆ ಕೆಣಕಿದ್ದಕ್ಕೆ ಹಾಕುತ್ತಿದ್ದ ಹಳೆಯ 295ಎ ಈಗ ಭಾರತೀಯ ನ್ಯಾಯ ಸಂಹಿತೆಯ 299 ಆಗಿ ಕಾದು ಕೂತಿದೆ. ಹತ್ತಿ ಯಾರ್ಡಿನಲ್ಲಿ ಹಮಾಲಿ ಮಾಡಿ ಓದಿಸಿದ ಅಪ್ಪಂದಿರು ಕೋರ್ಟಿಗೆ ಅಲೆಯುವ ಹಾಗೆ ಮಾಡಬೇಡಿ. ಮೆರವಣಿಗೆ ಬೇಡ, ಮೈಕು ಬೇಡ, ಯಾವ ಪಾರ್ಟಿಯ ಶಲ್ಯವೂ ಬೇಡ. ಮನವಿ ಒಂದೇ ಪುಟ ಇರಲಿ. ಕನ್ನಡದಲ್ಲಿ ಯೋಚಿಸಿ ಬರೆಯಿರಿ, ಆಮೇಲೆ ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಒಂದೊಂದು ಪ್ರತಿ ಮಾಡಿಸಿ, ದೆಹಲಿಯ ಆಫೀಸಿನವರು ಓದುವುದು ಇಂಗ್ಲಿಷ್ ಪ್ರತಿಯನ್ನೇ. ಕೊಟ್ಟದ್ದಕ್ಕೆ ಸೀಲು ಹಾಕಿದ ಅಕ್ನಾಲೆಜ್‌ಮೆಂಟ್ ತೆಗೆದುಕೊಳ್ಳದೆ ಬರಬೇಡಿ. ಭಾನುವಾರ ಬೆಳಿಗ್ಗೆ ಹೊಸ ಕರಡು ತಗೊಂಡು ಮನೆಗೆ ಬಾ, ಕಾಮಾ ಪುಲ್‌ಸ್ಟಾಪು ಸಮೇತ ನೋಡಿಕೊಡುತ್ತೇನೆ.