ಲೀಟರ್ ಲೆಕ್ಕ ಹಾಕಿ ಗಾಡಿ ಬದಲಿಸಿ

2024ರ ಜೂನ್ 15ರಂದು ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು. ಲೋಕಸಭೆ ಚುನಾವಣೆಗೆ ಮುಂಚೆ, ಮಾರ್ಚ್‌ನಲ್ಲಿ, ಬೆಂಗಳೂರಿನಲ್ಲಿ ನೂರರ ಕೆಳಗಿಳಿದಿದ್ದ ಲೀಟರ್ ಪೆಟ್ರೋಲ್ ಒಂದೇ ಏಟಿಗೆ ಮೂರು ರೂಪಾಯಿ ಏರಿ 103ರ ಹತ್ತಿರ ಬಂದು ನಿಂತಿತು. ಆ ವಾರ ಕಾರು ಇರುವ ಮನೆಗಳಲ್ಲಿ ಮಾತು ಒಂದೇ: ‘ಈ ಗಾಡಿ ಕೊಟ್ಟು ಮೈಲೇಜ್ ಕೊಡೋದು ತಗೊಳ್ಳೋಣ.’

ಈ ಅಂಕಣಕಾರನ ಮನೆಯಲ್ಲೂ ಅದೇ ಮಾತು ಎದ್ದಿತು. ಮನೆಯಲ್ಲಿರುವುದು 2012ರ ಪೆಟ್ರೋಲ್ ಸೆಡಾನ್. ಎಂಜಿನ್ ಗಟ್ಟಿಯಾಗಿದೆ, ಸಾಲ ತೀರಿ ವರ್ಷಗಳಾಗಿವೆ. ಆದರೆ ಊರೊಳಗಿನ ಓಡಾಟಕ್ಕೆ ಅದು ಪೆಟ್ರೋಲ್ ಕುಡಿಯುವ ಪರಿ ಮಾತ್ರ ಜೋರು.

ಎಷ್ಟು ಕುಡಿಯುತ್ತದೆ ಎಂದು ಮೊದಲು ಅಳೆಯಬೇಕಿತ್ತು. ಡ್ಯಾಶ್‌ಬೋರ್ಡ್ ತೋರಿಸುವ ಸರಾಸರಿಯನ್ನು ನಂಬದೆ ಹಳೆಯ ಪದ್ಧತಿಯನ್ನೇ ಹಿಡಿದದ್ದಾಯಿತು. ಬಂಕ್‌ನಲ್ಲಿ ಟ್ಯಾಂಕ್ ಫುಲ್ ಮಾಡಿಸಿ, ನಾಜಲ್ ‘ಟಕ್’ ಎಂದು ತಾನಾಗಿ ನಿಂತ ಕೂಡಲೇ ಸಾಕು ಎನ್ನುವುದು. ಚಿಲ್ಲರೆ ಸರಿಮಾಡಲು ಹುಡುಗ ಇನ್ನೆರಡು ಸಲ ಒತ್ತಲು ಬಂದರೆ ಬೇಡವೆನ್ನುವುದು. ಟ್ರಿಪ್ ಮೀಟರನ್ನು ಸೊನ್ನೆಗೆ ತಂದು, ಮುಂದಿನ ಸಲ ಅದೇ ಬಂಕ್‌ನಲ್ಲಿ ಅದೇ ರೀತಿ ತುಂಬಿಸಿ, ಓಡಿದ ಕಿಲೋಮೀಟರನ್ನು ಬಿದ್ದ ಲೀಟರಿನಿಂದ ಭಾಗಿಸುವುದು. ಕೆಲವು ಟ್ಯಾಂಕ್‌ಗಳ ಸರಾಸರಿ ಲೀಟರಿಗೆ 11 ಕಿ.ಮೀ. ಬಂತು. ತಿಂಗಳಿಗೆ ಸುಮಾರು 900 ಕಿ.ಮೀ. ಓಡಾಟ. ಅಂದರೆ 82 ಲೀಟರ್, 8,400 ರೂಪಾಯಿ.

ಶೋರೂಮಿನಲ್ಲಿ ಸ್ಟ್ರಾಂಗ್ ಹೈಬ್ರಿಡ್ ಕಾರು ತೋರಿಸಿದ ಹುಡುಗ ಹೇಳಿದ, ‘ಸರ್, ಇದು ಇಪ್ಪತ್ತೆಂಟು ಕೊಡತ್ತೆ. ನಿಮ್ಮ ಪೆಟ್ರೋಲ್ ಖರ್ಚು ಅರ್ಧಕ್ಕರ್ಧ ಇಳಿಯತ್ತೆ.’ ಅವನ ಮಾತು ಹೆಚ್ಚುಕಡಿಮೆ ಸರಿಯೇ. ಮಾರುತಿ ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್‌ಗೆ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಕೊಟ್ಟಿರುವ ಅಂಕಿ 27.97 ಕಿ.ಮೀ. ಅದು ಪ್ರಯೋಗಾಲಯದ ಅಂಕಿ. ರಸ್ತೆಯಲ್ಲಿ 20 ಬಂದರೂ ತಿಂಗಳ 82 ಲೀಟರ್ 45ಕ್ಕೆ ಇಳಿದು 3,800 ರೂಪಾಯಿ ಉಳಿಯುತ್ತದೆ.

ಆ 3,800ರ ಎದುರು ಏನಿದೆ? 18 ಲಕ್ಷದ ಕಾರಿಗೆ ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆ ಶೇ 17, ಅಂದರೆ ಮೂರು ಲಕ್ಷಕ್ಕೂ ಹೆಚ್ಚು. ಅದರ ಮೇಲೆ ಸೆಸ್, ವಿಮೆ. ಹಳೆ ಕಾರಿನ ಎಕ್ಸ್‌ಚೇಂಜ್ ಹಣ, ಕೈಯಲ್ಲಿದ್ದ ಉಳಿತಾಯ ಎಲ್ಲ ಹಾಕಿದರೂ 12 ಲಕ್ಷ ಸಾಲ ಬೇಕು. ಶೇ 9ರ ಬಡ್ಡಿಗೆ ಐದು ವರ್ಷದ ಕಂತು ತಿಂಗಳಿಗೆ ಸುಮಾರು 24,900 ರೂಪಾಯಿ. ಹೊಸ ಕಾರು ಸುರಕ್ಷತೆಗಾಗಿ ಬೇಕು, ಮನೆಮಂದಿಗೆ ಜಾಗ ಸಾಲದು ಎಂದರೆ ಅದು ಒಳ್ಳೆಯ ಕಾರಣ. ಪೆಟ್ರೋಲ್ ಉಳಿಸಲೆಂದೇ ಕೊಳ್ಳುವುದಾದರೆ ಈ ಲೆಕ್ಕ ಕೂಡಿಬರುವುದಿಲ್ಲ.

ಕಂತು ಐದು ವರ್ಷ ಅಲುಗಾಡುವುದಿಲ್ಲ, ಪೆಟ್ರೋಲ್ ದರ ಅಲುಗಾಡುತ್ತದೆ. 2021ರ ನವೆಂಬರ್ ಮೊದಲ ವಾರ ಬೆಂಗಳೂರಿನಲ್ಲಿ ಲೀಟರಿಗೆ 113 ದಾಟಿತ್ತು. ಕೇಂದ್ರ ಅಬಕಾರಿ ಸುಂಕವನ್ನು 5 ರೂಪಾಯಿ, ರಾಜ್ಯ ತನ್ನ ತೆರಿಗೆಯನ್ನು 7 ರೂಪಾಯಿ ಇಳಿಸಿದ ಮೇಲೆ ಅದೇ ವಾರ ನೂರೊಂದರ ಒಳಗೆ ಬಂತು. ದರ ಏರಿದ ವಾರದ ಸಿಟ್ಟಿನಲ್ಲಿ ಸಾಲದ ಪತ್ರಕ್ಕೆ ಸಹಿ ಹಾಕಿದವರಿಗೆ ಇಳಿದ ವಾರವೂ ಅದೇ ಕಂತು.

ಹಾಗಾದರೆ ಹೊಸ ಕಾರನ್ನು ಹೇಗಿದ್ದರೂ ಕೊಳ್ಳುವವರು ಹೈಬ್ರಿಡ್‌ಗೆ ಹೆಚ್ಚು ಹಣ ಕೊಡಬೇಕೇ? ಗ್ರ್ಯಾಂಡ್ ವಿಟಾರಾ 2022ರಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಹೊರಬಂದಾಗ ಆಟೊಮ್ಯಾಟಿಕ್ ಮೈಲ್ಡ್ ಹೈಬ್ರಿಡ್‌ಗೂ ಸ್ಟ್ರಾಂಗ್ ಹೈಬ್ರಿಡ್‌ಗೂ ಸುಮಾರು ಎರಡೂವರೆ ಲಕ್ಷದ ಅಂತರವಿತ್ತು. ತೆರಿಗೆ ಸೇರಿಸಿ ಮೂರು ಲಕ್ಷ ಎನ್ನಿ. ಮೊದಲನೆಯದರ ಎಆರ್‌ಎಐ ಅಂಕಿ 20.58, ಎರಡನೆಯದರದು 27.97. ವರ್ಷಕ್ಕೆ 12,000 ಕಿ.ಮೀ. ಓಡಿಸುವವರಿಗೆ ಉಳಿಯುವುದು 154 ಲೀಟರ್, 16,000 ರೂಪಾಯಿಯೊಳಗೆ. ಮೂರು ಲಕ್ಷ ಹುಟ್ಟಲು ಹತ್ತೊಂಬತ್ತು ವರ್ಷ. ವರ್ಷಕ್ಕೆ 40,000 ಕಿ.ಮೀ. ಓಡಿಸುವವರಿಗೆ ಆರು ವರ್ಷದೊಳಗೆ ಹುಟ್ಟುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್‌ನಂಥ ಜಾಗದಲ್ಲಿ ನಿಂತು ನಿಂತು ಸಾಗುವಾಗ ಹೈಬ್ರಿಡ್ ಎಂಜಿನ್ ಆಫ್ ಆಗಿ ಬ್ಯಾಟರಿಯಲ್ಲೇ ಓಡುವುದರಿಂದ ಉಳಿತಾಯ ಇನ್ನಷ್ಟು ಹೆಚ್ಚಬಹುದು, ನಿಜ. ಆದರೂ ಹತ್ತೊಂಬತ್ತು ವರ್ಷ ಐದಾಗುವುದಿಲ್ಲ.

ಮೈಲೇಜ್ ಅಂಕಿ ಕಣ್ಣಿಗೆ ಮಣ್ಣೆರಚುವ ಬಗೆಯನ್ನು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಿಡಿಸಿ ತೋರಿಸಿದರು. ಅಲ್ಲಿ ಗ್ಯಾಲನ್ ಪೆಟ್ರೋಲ್ ನಾಲ್ಕು ಡಾಲರ್ ದಾಟಿದ ವರ್ಷವದು. ಅವರ ತರ್ಕವನ್ನು ನಮ್ಮ ಲೀಟರಿಗೆ ಇಳಿಸಿ ನೋಡಿ. ಸಾವಿರ ಕಿ.ಮೀ. ಓಟಕ್ಕೆ 10 ಕೊಡುವ ಗಾಡಿ ಬಿಟ್ಟು 13 ಕೊಡುವುದನ್ನು ತಂದರೆ 23 ಲೀಟರ್ ಉಳಿಯುತ್ತದೆ. 20 ಕೊಡುವುದನ್ನು ಬಿಟ್ಟು 26 ಕೊಡುವುದನ್ನು ತಂದರೆ ಉಳಿಯುವುದು ಹನ್ನೊಂದೂವರೆ ಲೀಟರ್ ಮಾತ್ರ. ಮೈಲೇಜ್ ಮೂರರ ಬದಲು ಆರು ಏರಿದರೂ ಉಳಿತಾಯ ಅರ್ಧ! ಯುರೋಪಿನವರು ನೂರು ಕಿ.ಮೀ.ಗೆ ಎಷ್ಟು ಲೀಟರ್ ಎಂದೇ ಲೆಕ್ಕ ಇಡುತ್ತಾರೆ. ಅಮೆರಿಕದಲ್ಲೂ 2013ರ ಮಾದರಿಗಳಿಂದ ಹೊಸ ಕಾರಿನ ಗಾಜಿಗೆ ಅಂಟಿಸುವ ಚೀಟಿಯಲ್ಲಿ ನೂರು ಮೈಲಿಗೆ ಬೇಕಾಗುವ ಗ್ಯಾಲನ್ ಕೂಡ ಇರುತ್ತದೆ.

ಈ ಕಣ್ಣಿನಿಂದ ನೋಡಿದಾಗ ಅಂಕಣಕಾರನ ಮನೆಯ ಪ್ರಶ್ನೆಯೇ ಬೇರೆಯಾಯಿತು. ಹೆಚ್ಚು ಪೆಟ್ರೋಲ್ ಕುಡಿಯುತ್ತಿರುವ ಕಿಲೋಮೀಟರ್ ಯಾವುದು? ತಿಂಗಳ 900ರಲ್ಲಿ ಸುಮಾರು 600 ಕಿ.ಮೀ. ಒಬ್ಬನೇ ಕೂತು ಆಫೀಸಿಗೆ ಹೋಗಿಬರುವ ದಾರಿ. ಅದೊಂದಕ್ಕೇ 54 ಲೀಟರ್, 5,600 ರೂಪಾಯಿ. ಕಾರನ್ನು ಹಾಗೇ ಉಳಿಸಿಕೊಂಡು ಆ ದಾರಿಯನ್ನು ಎಲೆಕ್ಟ್ರಿಕ್ ಸ್ಕೂಟರಿಗೆ ಒಪ್ಪಿಸಲಾಯಿತು. ನೂರು ಕಿ.ಮೀ.ಗೆ ಚಾರ್ಜರಿನ ನಷ್ಟವೂ ಸೇರಿ ಮೂರೂವರೆ ಯೂನಿಟ್, ಯೂನಿಟ್‌ಗೆ ತೆರಿಗೆ ಸೇರಿ ಏಳು ರೂಪಾಯಿ ಎಂದರೂ ತಿಂಗಳಿಗೆ 150 ರೂಪಾಯಿ. ವಿಮೆ, ಸರ್ವಿಸ್ ಕಳೆದರೂ ತಿಂಗಳಿಗೆ ಸುಮಾರು 5,000 ಉಳಿಯುತ್ತದೆ. 1.2 ಲಕ್ಷದ ಗಾಡಿ ಎರಡು ವರ್ಷಕ್ಕೆ ತನ್ನ ಬೆಲೆಯನ್ನು ತಾನೇ ತೀರಿಸುತ್ತದೆ. ಮಳೆ ಹುಯ್ಯುವ ದಿನ, ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನ, ಊರಿಗೆ ಹೊರಟ ದಿನ ಕಾರು ಇದ್ದೇ ಇದೆ.

ತಿಂಗಳಿಗೆ 200 ಯೂನಿಟ್ ಒಳಗಿನ ಬಳಕೆಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ಇಲ್ಲೊಂದು ವಿಷಯ ಗಮನಿಸಬೇಕು. 600 ಕಿ.ಮೀ.ಗೆ ಇಪ್ಪತ್ತೊಂದು ಯೂನಿಟ್ ಖರ್ಚಾಗುತ್ತದೆ. ಮನೆಯ ಬಳಕೆ ಈಗಾಗಲೇ 185ರ ಆಸುಪಾಸಿನಲ್ಲಿದ್ದರೆ ಸ್ಕೂಟರ್ ಚಾರ್ಜಿಂಗ್ ಅದನ್ನು 200 ದಾಟಿಸಿಬಿಡುತ್ತದೆ. ಆಗ ಹೆಚ್ಚುವರಿ ಯೂನಿಟ್‌ಗಷ್ಟೇ ಅಲ್ಲ, ಇಡೀ ತಿಂಗಳ ಬಿಲ್ ಕಟ್ಟಬೇಕಾಗುತ್ತದೆ. ಸ್ಕೂಟರ್ ಬುಕ್ ಮಾಡುವ ಮುಂಚೆ ಹಿಂದಿನ ಕರೆಂಟ್ ಬಿಲ್‌ಗಳನ್ನು ತೆಗೆದು ನೋಡುವುದು ಒಳ್ಳೆಯದು.

ಓಡಾಟ ಹೆಚ್ಚಿದ್ದವರ ಲೆಕ್ಕ ತಿರುಗಿ ಬೀಳುತ್ತದೆ. ಅಂಕಣಕಾರನ ಭಾವಮೈದ ಔಷಧ ಕಂಪನಿಯ ಪ್ರತಿನಿಧಿ. ದಾವಣಗೆರೆ, ಚಿತ್ರದುರ್ಗ, ಹೊಸಪೇಟೆ ಸುತ್ತಿ ತಿಂಗಳಿಗೆ 3,000 ಕಿ.ಮೀ. ಓಡಿಸುತ್ತಾನೆ. ಅವನು ಹಳೆ ಕಾರು ಕೊಟ್ಟು ಸಿಎನ್‌ಜಿ ವ್ಯಾಗನ್ ಆರ್ ತಂದ. ಎಆರ್‌ಎಐ ಪ್ರಕಾರ ಅದರ ಪೆಟ್ರೋಲ್ ಮಾದರಿ ಲೀಟರಿಗೆ 24.35, ಸಿಎನ್‌ಜಿ ಮಾದರಿ ಕೆ.ಜಿ.ಗೆ 34.05 ಕಿ.ಮೀ. ಗ್ಯಾಸಿಗೆ ಕೆ.ಜಿ.ಗೆ 88 ರೂಪಾಯಿ ಎಂದಿಟ್ಟುಕೊಂಡರೆ ತಿಂಗಳಿಗೆ 4,900 ರೂಪಾಯಿ ಉಳಿಯುತ್ತದೆ. ಎರಡೂ ಮಾದರಿಗಳ ನಡುವಿನ ಸುಮಾರು 95,000 ರೂಪಾಯಿ ಅಂತರ ಇಪ್ಪತ್ತು ತಿಂಗಳಲ್ಲಿ ಹುಟ್ಟುತ್ತದೆ. ಡಿಕ್ಕಿಯ ತುಂಬ ಸಿಲಿಂಡರ್ ಇರುವುದರಿಂದ ಸ್ಯಾಂಪಲ್ ಬ್ಯಾಗ್‌ಗಳೆಲ್ಲ ಹಿಂದಿನ ಸೀಟಿಗೆ ಬಂದಿವೆ. ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಹೈಡ್ರೋ ಟೆಸ್ಟ್ ಮಾಡಿಸಬೇಕು. ತನ್ನ ದಾರಿಯಲ್ಲಿ ಸಿಎನ್‌ಜಿ ಬಂಕ್ ಎಲ್ಲೆಲ್ಲಿದೆ, ಕ್ಯೂ ಯಾವ ಹೊತ್ತಿಗೆ ಕಡಿಮೆ ಎಂದು ಗಾಡಿ ಕೊಳ್ಳುವ ಮುಂಚೆಯೇ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದ. ಬೆಳಿಗ್ಗೆ ಏಳರ ಮುಂಚೆ ಗ್ಯಾಸ್ ತುಂಬಿಸಿಕೊಂಡೇ ಅವನು ಊರು ಬಿಡುವುದು.