ರೆಂಟನ್ ಕ್ಲಬ್ ಏಕೆ ಮುಚ್ಚಿತು?

ವ್ಯವಹಾರ ಅಧ್ಯಯನದ ತರಗತಿಯಲ್ಲಿ, ಚೆನ್ನಾಗಿ ನಡೆದ ಸಂಸ್ಥೆಯೂ ಏಕೆ ಮುಚ್ಚುತ್ತದೆ ಎಂಬ ಪ್ರಶ್ನೆಗೆ ನಾನು ಫುಟ್‌ಬಾಲ್ ಕ್ಲಬ್ಬಿನ ಉದಾಹರಣೆ ಕೊಟ್ಟೆ. ಗೆಳೆಯರು ನಕ್ಕರು. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ರೆಂಟನ್ ಸ್ಕಾಟ್ಲೆಂಡಿನ ಒಂದು ಹಳ್ಳಿ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಅಲ್ಲಿಯ ಜನ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದರು. ಆ ಕೆಂಪು ಬಟ್ಟೆ ಹಡಗಿನಲ್ಲಿ ನಮ್ಮ ದೇಶಕ್ಕೂ ಬರುತ್ತಿತ್ತು. 1872ರಲ್ಲಿ ಹುಟ್ಟಿದ ಅವರ ಕ್ಲಬ್ 1885ರಲ್ಲಿ, ಮತ್ತೆ 1888ರಲ್ಲಿ ಸ್ಕಾಟಿಷ್ ಕಪ್ ಗೆದ್ದಿತು. ಅದೇ 1888ರಲ್ಲಿ ಇಂಗ್ಲೆಂಡಿನ ಕಪ್ ಗೆದ್ದಿದ್ದ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ತಂಡವನ್ನು 4-1ರಿಂದ ಸೋಲಿಸಿ, ತಾವೇ ‘ವಿಶ್ವ ಚಾಂಪಿಯನ್’ ಎಂದು ಬೋರ್ಡು ಹಾಕಿಕೊಂಡರು. ಎರಡೇ ದೇಶಗಳ ವಿಶ್ವ, ಇರಲಿ.

ಲೆಕ್ಕ ತಪ್ಪಿದ್ದು ಆಮೇಲೆ. ಇಂಗ್ಲೆಂಡಿನಲ್ಲಿ 1885ರಿಂದ ಆಟಗಾರರಿಗೆ ಸಂಬಳ ಕೊಡಬಹುದಿತ್ತು. ಸ್ಕಾಟ್ಲೆಂಡಿನಲ್ಲಿ 1893ರವರೆಗೆ ನಿಷೇಧ. ಒಳ್ಳೆಯ ಆಟಗಾರರು ಹೊರಟರು. ಜೇಮ್ಸ್ ಕೆಲ್ಲಿ 1888ರಲ್ಲೇ ಗ್ಲಾಸ್ಗೋದ ಸೆಲ್ಟಿಕ್ ಸೇರಿದ. 1890ರಲ್ಲಿ ಹೊಸ ಲೀಗ್ ಶುರುವಾಯಿತು. ಸಂಬಳದ ಆರೋಪದಲ್ಲಿ ಅಮಾನತಾಗಿದ್ದ ತಂಡದೊಡನೆ ಆಡಿದ್ದಕ್ಕೆ ರೆಂಟನ್ನನ್ನು ಹೊರಹಾಕಿದರು. ಕೋರ್ಟಿಗೆ ಹೋಗಿ ಗೆದ್ದು 1891ರಲ್ಲಿ ಮರಳಿತು. ಆಮೇಲೆ ಸಂಬಳ ಕೊಡಲು ಅನುಮತಿ ಸಿಕ್ಕಿತು, ಆದರೆ ಹಳ್ಳಿಯ ಟಿಕೆಟ್ ಹಣ ನಗರದ ಟಿಕೆಟ್ ಹಣಕ್ಕೆ ಸಮವಾಗಲಿಲ್ಲ. 1897ರಲ್ಲಿ ನಾಲ್ಕೇ ಪಂದ್ಯ ಆಡಿ ಲೀಗ್ ಬಿಟ್ಟಿತು. 1922ರಲ್ಲಿ ಬಾಗಿಲು ಮುಚ್ಚಿತು.

ಗೆಳೆಯರೇ, ಮೋರಟಗಿಯಲ್ಲಿ ನಮ್ಮ ಓಣಿಯ ಕ್ರಿಕೆಟ್ ತಂಡಕ್ಕೆ ಈ ವರ್ಷ ಹನ್ನೊಂದು ಜನ ಸಿಗುತ್ತಿಲ್ಲ. ನಾಲ್ವರು ಪುಣೆ, ಗೋವಾಕ್ಕೆ ದುಡಿಯಲು ಹೋಗಿದ್ದಾರೆ. ಓಪನಿಂಗ್ ಆಡುತ್ತಿದ್ದ ನಮ್ಮ ಭಾಯಿಯೂ ಅವರಲ್ಲಿ ಒಬ್ಬರು. ಭಾನುವಾರ ಅಮ್ಮೀಗೆ ಫೋನ್ ಮಾಡಿದಾಗ, ಕೊನೆಗೆ ನನ್ನನ್ನು ಕರೆದು ಸ್ಕೋರ್ ಕೇಳುತ್ತಾರೆ.