ಬಾನೆಟ್ಟಿನ ಹುಳುತಡೆ: ಜಡತ್ವದ ಪಾಠಕ್ಕೊಂದು ಬೋಧನೋಪಕರಣ

ತರಗತಿ: 9. ಘಟಕ: ಬಲ ಮತ್ತು ಚಲನೆಯ ನಿಯಮಗಳು. ಸ್ಥಳ: ತಿರುಮಣಿ.

ಮಳೆ ಬಿದ್ದ ಸಂಜೆ ಈಸಲು ಹುಳು ಎದ್ದರೆ, ಸೋಲಾರ್ ಪಾರ್ಕಿಗೆ ಹೋಗಿಬರುವ ಜೀಪುಗಳ ಗಾಜು ಏನಾಗುತ್ತದೆಂದು ಇಲ್ಲಿನ ಮಕ್ಕಳಿಗೆ ಗೊತ್ತು. ಹೀಗಾಗಿ ಪೀಠಿಕೆಗೆ, ತಟ್ಟನೆ ನಿಲ್ಲುವ ಬಸ್ಸಿನ ಸವಕಲು ಉದಾಹರಣೆ ಬಿಟ್ಟು, ಬಾನೆಟ್ಟಿನ ಮುಂದಂಚಿಗೆ ಹಾಕಿಸುವ ಅಕ್ರಿಲಿಕ್ ಪಟ್ಟಿಯನ್ನು ಆರಿಸಿಕೊಂಡೆ.

ಮರದ ತುಂಡಿಗೆ ಮುಂದೆ ಓರೆಯಾಗಿ ರಟ್ಟು, ಹಿಂದೆ ಗಾಜಿನ ಬದಲು ಪ್ಲಾಸ್ಟಿಕ್ ಹಾಳೆ, ಎದುರಿಗೆ ಟೇಬಲ್ ಫ್ಯಾನ್. ನಿಂತ ಗಾಡಿಗೆ ಗಾಳಿ ಬೀಸುವುದೂ ನಿಂತ ಗಾಳಿಯಲ್ಲಿ ಗಾಡಿ ಓಡುವುದೂ ಒಂದೇ ಲೆಕ್ಕ ಎಂಬುದು ಮಕ್ಕಳಿಗೆ ಬೇಗ ಒಪ್ಪಿಗೆಯಾಗದು. ಇದಕ್ಕೆ ಹತ್ತು ನಿಮಿಷ ಕೊಡಲೇಬೇಕು. ಹತ್ತಿಯ ಎಳೆ ಗಾಳಿಯೊಡನೆ ಮೇಲೆದ್ದು ಹಾಳೆಯನ್ನು ದಾಟಿತು. ರಟ್ಟಿನ ಮೇಲಿಂದ ಎಸೆದ ಕಡಲೆಬೀಜ ಬಾಗದೆ ಹಾಳೆಗೇ ಬಡಿಯಿತು.

“ಹಾಗಾದ್ರೆ ಜೀರುಂಡೆಗೆ ಇದು ಏನೂ ಮಾಡಲ್ಲ ಅಲ್ವಾ?” ಎಂದಳು ಒಬ್ಬ ವಿದ್ಯಾರ್ಥಿನಿ. ಪಾಠದ ತಿರುಳೇ ಅದು. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಅಷ್ಟರಲ್ಲಿ ಹಗುರ ಹುಳುವನ್ನು ಗಾಳಿ ತಿರುಗಿಸೀತು, ಭಾರದ ಹುಳುವನ್ನು ತಿರುಗಿಸದು. ಗಾಜು ಪೂರ್ತಿ ಚೊಕ್ಕವಾಗಿರುತ್ತದೆ ಎಂದು ಮಾರುವವರು ಹೇಳಿದರೆ ನಂಬಬೇಕಿಲ್ಲ. ಬಾನೆಟ್ ಅಂಚಿನ ಬಣ್ಣ ಉಳಿಯುವುದಂತೂ ನಿಜ.

ಜೋಡಣೆಯನ್ನು ಚಿತ್ರಪಟದಲ್ಲಿ ತೋರಿಸಿದೆ: ಅಂಚು ತೊಳೆದು ಒಣಗಿಸಿ, ಪಟ್ಟಿಯನ್ನು ಮೊದಲು ಬರಿದೇ ಇಟ್ಟು ಅಳತೆ ನೋಡಬೇಕು. ರಬ್ಬರ್ ಬಿಲ್ಲೆಗಳಿಂದ ತುಸು ಸಂದು ಬಿಡಬೇಕು. ಇಲ್ಲವಾದರೆ ನಡುವೆ ಸಿಕ್ಕ ಮರಳು ಬಣ್ಣ ಕೆರೆಯುತ್ತದೆ. ತಿರುಪು ಅತಿಯಾಗಿ ಬಿಗಿದರೆ ಅಕ್ರಿಲಿಕ್ ಸೀಳುತ್ತದೆ. ಕೊನೆಗೆ ಬಾನೆಟ್ಟನ್ನು ನಿಧಾನ ತೆರೆದು ಮುಚ್ಚಿ, ಎಲ್ಲೂ ತಗಲುವುದಿಲ್ಲವೆಂದು ನೋಡಬೇಕು.

ಮನೆಗೆಲಸ: ಅದೇ ಗಾಡಿ 20 ಕಿ.ಮೀ. ವೇಗದಲ್ಲಿ ಹೋದರೆ ಜೀರುಂಡೆಯ ಹಾದಿ ಹೇಗೆ ಬದಲಾದೀತು? ಚಿತ್ರ ಬರೆದು ಕಾರಣ ಕೊಡಿ.